ಸಂಭವನೀಯತೆ, ಸರಾಸರಿ ಮತ್ತು ಸಮೀಕರಣ: ಪರೀಕ್ಷಾ ಟಿಪ್ಪಣಿ

ಒಂದು ಪ್ರಯೋಗದ ಎಲ್ಲ ಫಲಿತಾಂಶಗಳೂ ಸಮಸಂಭವನೀಯವಾಗಿದ್ದಾಗ, ಅನುಕೂಲಕರ ಫಲಿತಾಂಶಗಳ ಸಂಖ್ಯೆಯನ್ನು ಒಟ್ಟು ಫಲಿತಾಂಶಗಳ ಸಂಖ್ಯೆಯಿಂದ ಭಾಗಿಸಿ ಪಡೆಯುವ ಬೆಲೆಯನ್ನು ಸಂಭವನೀಯತೆ ಎನ್ನಲಾಗುತ್ತದೆ. ಅದು ಯಾವಾಗಲೂ 0 ಮತ್ತು 1ರ ವ್ಯಾಪ್ತಿಯಲ್ಲೇ ಇರುತ್ತದೆ.

ವಿಕಲ್ಪ: ಕ್ರಮವನ್ನು ಗಣಿಸದೆ ಮಾಡುವ ಆಯ್ಕೆಯೇ ವಿಕಲ್ಪವಾಗಿದ್ದು, ಅದರ ಸಾಮಾನ್ಯ ನಿಯಮವನ್ನು 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಕೃತಿಯಲ್ಲಿ ನಿರೂಪಿಸಿದ್ದಾರೆ.

ಮಾದರಿ ಲೆಕ್ಕ: 5 ಕೆಂಪು ಮತ್ತು 3 ನೀಲಿ ಚೆಂಡುಗಳಿರುವ ಚೀಲದಿಂದ ಒಮ್ಮೆಗೇ 2 ಚೆಂಡುಗಳನ್ನು ತೆಗೆಯುವ ವಿಧಗಳು (8×7)÷2 = 28, ಎರಡೂ ಕೆಂಪಾಗಿರುವ ವಿಧಗಳು (5×4)÷2 = 10 ಆಗಿರುವುದರಿಂದ ಎರಡೂ ಕೆಂಪಾಗಿರುವ ಸಂಭವನೀಯತೆ 10/28, ಅಂದರೆ 5/14; ಕನಿಷ್ಠ ಒಂದಾದರೂ ನೀಲಿಯಾಗಿರುವುದು ಇದರ ಪೂರಕ ಘಟನೆಯಾದ್ದರಿಂದ ಅದರ ಸಂಭವನೀಯತೆ 1 − 5/14 = 9/14.

ಬೀಜಗಣಿತದ ಬಳಕೆ: ಅದೇ ಚೀಲದಿಂದ ಒಂದು ಚೆಂಡು ತೆಗೆದಾಗ ಅದು ನೀಲಿಯಾಗಿರುವ ಸಂಭವನೀಯತೆ 1/2 ಆಗಲು ಸೇರಿಸಬೇಕಾದ ನೀಲಿ ಚೆಂಡುಗಳನ್ನು ‘ಕ’ ಎಂದುಕೊಂಡರೆ, (3+ಕ)/(8+ಕ) = 1/2 ಎಂಬ ಸಮೀಕರಣದಿಂದ 6+2ಕ = 8+ಕ, ಅಂದರೆ ಕ = 2.

ಕೇಂದ್ರೀಯ ಪ್ರವೃತ್ತಿಯ ಅಳತೆಗಳು: 4, 7, 7, 9, 13 ಎಂಬ ದತ್ತಾಂಶದಲ್ಲಿ ಮೊತ್ತವನ್ನು ಸಂಖ್ಯೆಗಳ ಎಣಿಕೆಯಿಂದ ಭಾಗಿಸಿದ ಸರಾಸರಿ 8, ಏರಿಕೆ ಕ್ರಮದ ನಡುವಿನ ಬೆಲೆಯಾದ ಮಧ್ಯಾಂಕ 7, ಅತಿ ಹೆಚ್ಚು ಬಾರಿ ಬರುವ ಬಹುಲಕವೂ 7.

ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಒಟ್ಟು ಫಲಿತಾಂಶಗಳನ್ನು ತಪ್ಪಿಲ್ಲದೆ ಎಣಿಸುವ ಅಭ್ಯಾಸವೇ ಅಭ್ಯರ್ಥಿಗಳಿಗೆ ಅಂಕ ತಂದುಕೊಡುತ್ತದೆ.