ಕಾಲುಬಾಯಿ ರೋಗ: ಜೊಲ್ಲು ಕಂಡ ಮೇಲೆ ಬೇರೆ ಕಟ್ಟಿದರೆ ಪ್ರಯೋಜನ ಇದೆಯಾ?

"ಅಣ್ಣಾ, ಒಂದು ಹಸು ಜೊಲ್ಲು ಸುರಿಸ್ತಿದೆ. ಪಕ್ಕದವಕ್ಕೆ ಇಷ್ಟೊತ್ತಿಗೆ ಅಂಟಿರುತ್ತೆ, ಈಗ ಬೇರೆ ಕಟ್ಟಿ ಏನು ಪ್ರಯೋಜನ?"

ಕಾಲುಬಾಯಿ ಜ್ವರ ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳ್ತಾರೆ. ನಾನು ಓದಿದ್ದು ತೋಟಗಾರಿಕೆ. ಗೊಬ್ಬರಕ್ಕೆಂದು ಹಸು ಕಟ್ಟಿದ ಮೇಲೆ ನನಗೂ ಇದೇ ಅನುಮಾನ ಇತ್ತು. ಉತ್ತರ ಸಿಕ್ಕಿದ್ದು ದನಗಳ ಮೇಲೇ ನಡೆದ ಒಂದು ಪ್ರಯೋಗದಲ್ಲಿ.

ಪ್ರಯೋಗ ಯಾಕೆ ಬೇಕು?

ನಮ್ಮ ಕೊಟ್ಟಿಗೆಯಲ್ಲಿ ಸೋಮವಾರ ಒಂದು ಹಸು, ಶುಕ್ರವಾರ ಇನ್ನೊಂದು ಮಲಗಿತು ಅಂದ್ಕೊಳ್ಳಿ. ಎರಡನೆಯದಕ್ಕೆ ರೋಗ ಅಂಟಿದ್ದು ಯಾವಾಗ? ಉಸಿರಿನಿಂದಲೋ, ಒಂದೇ ಬಾನಿಯ ನೀರಿನಿಂದಲೋ, ಹಾಲು ಕರೆದ ಕೈಯಿಂದಲೋ? ಹೇಳೋಕಾಗಲ್ಲ. ಇದನ್ನು ಬಿಡಿಸಿ ನೋಡಬೇಕಾದರೆ ಯಾವ ಪ್ರಾಣಿಗೆ ಯಾವ ಹೊತ್ತಿಗೆ ವೈರಸ್ ಸೇರಿತು ಅನ್ನೋದು ಗೊತ್ತಿರಬೇಕು.

ಈ ದಾರಿ ಹಳೆಯದು. 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಬೊಬ್ಬೆಯ ನೀರನ್ನು ಬ್ಯಾಕ್ಟೀರಿಯಾ ದಾಟದಂಥ ಸೋಸುಕದಲ್ಲಿ ಸೋಸಿ ಕರುಗಳಿಗೆ ಚುಚ್ಚಿದರು. ಆದರೂ ರೋಗ ಬಂತು. ಪ್ರಾಣಿಗಳಲ್ಲಿ ರೋಗ ತರುವ ವೈರಸ್ ಮೊದಲು ಪತ್ತೆಯಾಗಿದ್ದು ಹೀಗೆ.

ದನ ದುಬಾರಿ ಅಂತ ಆಮೇಲೆ ಗಿನಿಪಿಗ್, ಇಲಿಮರಿಗಳನ್ನೂ ಬಳಸಿದರು. ಲಸಿಕೆ ಪರೀಕ್ಷೆಗೆ ಅವು ಉಪಯೋಗಕ್ಕೆ ಬಂದವು. ಆದರೆ ಗಿನಿಪಿಗ್‌ಗೆ ಪಾದಕ್ಕೆ ಚುಚ್ಚಿ ರೋಗ ಬರಿಸಬೇಕು. ದನಗಳಲ್ಲಿ ಹಬ್ಬುವ ಹಾಗೆ ಒಂದರಿಂದ ಇನ್ನೊಂದಕ್ಕೆ ಅದು ಸುಲಭವಾಗಿ ಹಬ್ಬೋದಿಲ್ಲ. ಆದ್ದರಿಂದ ಕೊಟ್ಟಿಗೆಯಲ್ಲಿ ರೋಗ ಹೇಗೆ ಹರಡುತ್ತೆ ಅಂತ ತಿಳಿಯಲು ದನವನ್ನೇ ನೋಡಬೇಕು.

ಒಂದು ರೋಗಿ, ಒಂದು ಆರೋಗ್ಯವಂತ

ಇಂಗ್ಲೆಂಡಿನ ಪರ್‌ಬ್ರೈಟ್ ಸಂಸ್ಥೆಯಲ್ಲಿ ಮಾಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಸೋಂಕು ತಗುಲಿದ ಒಂದು ದನವನ್ನು ಆರೋಗ್ಯವಾಗಿದ್ದ ಇನ್ನೊಂದರ ಜೊತೆ 8 ಗಂಟೆ ಬಿಟ್ಟು, ಮತ್ತೆ ಬೇರ್ಪಡಿಸಿದರು. ಬೇರೆ ಬೇರೆ ದಿನ, ಪ್ರತಿ ಸಲ ಹೊಸ ಜೊತೆ. ಯಾವ ದಿನ ಜೊತೆಗಿದ್ದದ್ದಕ್ಕೆ ರೋಗ ಅಂಟಿತು ಅಂತ ಲೆಕ್ಕ ಹಾಕಿದರು.

ಫಲಿತಾಂಶ ಎಲ್ಲರ ಅಂದಾಜಿಗಿಂತ ಬೇರೆಯೇ ಇತ್ತು. ದನ ರೋಗ ಅಂಟಿಸುವ ಅವಧಿ ಸರಾಸರಿ 1.7 ದಿನ ಮಾತ್ರ. ಅದೂ ಶುರುವಾಗಿದ್ದು ಲಕ್ಷಣ ಕಂಡು ಸರಾಸರಿ ಅರ್ಧ ದಿನ ಆದ ಮೇಲೆ. ಮೈಯಲ್ಲಿ ವೈರಸ್ ಸಿಕ್ಕ ಮಾತ್ರಕ್ಕೆ ಆ ದನ ಅಂಟಿಸುತ್ತೆ ಅಂತಲ್ಲ.

ಅಂದರೆ, ಜೊಲ್ಲು ಕಂಡ ತಕ್ಷಣ ಬೇರೆ ಕಟ್ಟಿದರೆ ಪಕ್ಕದ ಹಸು ಉಳಿಯುವ ಅವಕಾಶ ನಿಜವಾಗಿಯೂ ಇದೆ. "ನಾಳೆ ನೋಡೋಣ" ಅಂದರೆ ಆ ಅವಕಾಶ ಕೈಬಿಟ್ಟ ಹಾಗೆ.

ಆದರೆ ಎಚ್ಚರ

ಇದು ಕೆಲವೇ ದನಗಳ ಸರಾಸರಿ. ನಿಮ್ಮ ಹಸು ಇನ್ನೂ ಬೇಗ ಅಂಟಿಸಬಹುದು. ಜೊತೆಗೆ ಇದು ದನದಿಂದ ದನಕ್ಕೆ ನೇರವಾಗಿ ಹರಡುವ ಲೆಕ್ಕ. ಸಗಣಿ, ಹಾಲು, ಬಕೆಟ್ಟು, ಚಪ್ಪಲಿಗೆ ಅಂಟಿದ ವೈರಸ್ ಎರಡು ದಿನಕ್ಕೆ ಸಾಯೋದಿಲ್ಲ. ಎರಡು ದಿನ ಕಳೀತು ಅಂತ ಮತ್ತೆ ಒಟ್ಟಿಗೆ ಕಟ್ಟಬೇಡಿ. ಯಾವಾಗ ಸೇರಿಸಬಹುದು ಅಂತ ಪಶುವೈದ್ಯರನ್ನೇ ಕೇಳಿ.

ನೀವು ಮಾಡಬೇಕಾದ್ದು

- ಜ್ವರ, ಜೊಲ್ಲು, ಬಾಯಿ ಚಪ್ಪರಿಸುವುದು, ಕುಂಟುವುದು, ಹಾಲು ಇಳಿಯುವುದು: ಇವುಗಳಲ್ಲಿ ಯಾವುದು ಕಂಡರೂ ಆ ಗಳಿಗೆಯಲ್ಲೇ ಬೇರೆ ಕಟ್ಟಿ. ಸಹಾಯವಾಣಿ 1962ಕ್ಕೆ ಅಥವಾ ಪಶು ಆಸ್ಪತ್ರೆಗೆ ಫೋನ್ ಮಾಡಿ.
- ಮೇವು, ನೀರು, ಬಕೆಟ್ಟು ಬೇರೆ ಇಡಿ. ರೋಗದ ಹಸುವಿನ ಹಾಲನ್ನು ಕೊನೆಗೆ ಕರೆಯಿರಿ. ಅದರ ಹಸಿ ಹಾಲು ಕರುವಿಗೆ ಬೇಡ. ಈ ವೈರಸ್ ಎಳೆ ಕರುವಿನ ಹೃದಯಕ್ಕೇ ಹೊಡೆಯುತ್ತೆ.
- 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ನೆಲ, ಬಾನಿ ತೊಳೆಯಿರಿ.
- ಸಂತೆಗೆ ಒಯ್ಯಬೇಡಿ, ಊರ ಕೆರೆಗೆ ಬಿಡಬೇಡಿ.
- 6 ತಿಂಗಳಿಗೊಮ್ಮೆ ಸರ್ಕಾರದ ಉಚಿತ ಲಸಿಕೆ ತಪ್ಪಿಸಬೇಡಿ. ಸಾವಯವ ಕೃಷಿಕರಾದರೂ ಇದರಲ್ಲಿ ರಾಜಿ ಬೇಡ. ನಾನೂ ಹಾಕಿಸ್ತೀನಿ.

ಇವತ್ತು ಸಂಜೆ ಹಾಲು ಕರೆಯುವ ಮುಂಚೆ ಒಂದು ನಿಮಿಷ ಪ್ರತಿ ಹಸುವಿನ ಬಾಯಿ, ಗೊರಸು ನೋಡಿ. ಮೊದಲ ಲಕ್ಷಣ ಕಣ್ಣಿಗೆ ಬಿದ್ದರೆ ತಾನೇ ಬೇರೆ ಕಟ್ಟೋಕೆ ಸಾಧ್ಯ?