ತಾಯಿ-ಮಕ್ಕಳ ಆರೋಗ್ಯ: ಸರಾಸರಿ ಹೇಳದ ಲೆಕ್ಕ

ಒಂದು ನಾಡಿನ ಆರೋಗ್ಯಸ್ಥಿತಿಯನ್ನು ಅರಿಯಲು ಬಯಸುವವರು ಮೊದಲು ಗಮನಿಸುವುದು ಶಿಶುಮರಣದ ಪ್ರಮಾಣವನ್ನು. ಅಂದರೆ ಜೀವಂತವಾಗಿ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ಅಸುನೀಗುವವರ ಸಂಖ್ಯೆಯನ್ನು. 1992-93ರ ಮೊದಲನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದು ತಮಿಳುನಾಡಿನಲ್ಲಿ ಸುಮಾರು 68, ಕರ್ನಾಟಕದಲ್ಲಿ ಸುಮಾರು 65 ಇದ್ದಿತು. 2019-21ರ ಐದನೆಯ ಸಮೀಕ್ಷೆಯ ವೇಳೆಗೆ ಅನುಕ್ರಮವಾಗಿ 18.6 ಮತ್ತು 25.4ಕ್ಕೆ ಇಳಿದಿತ್ತು. ತುಸು ಹಿಂದಿದ್ದ ನಾಡು ಮುಂದೆ ಸಾಗಿತು. ನೆಲೆಸಿದ ನಾಡಿನ ಬಗೆಗೆ ಸಂತೋಷ, ಹುಟ್ಟಿದ ನಾಡಿನ ಬಗೆಗೆ ಚಿಂತೆ, ಎರಡೂ ನಮಗೆ ಸಹಜವೇ.

ಆದರೆ ಇವೆಲ್ಲವೂ ಸರಾಸರಿಗಳು. ಅದೇ ಐದನೆಯ ಸಮೀಕ್ಷೆಯಲ್ಲಿ, ವಯಸ್ಸಿಗೆ ತಕ್ಕಂತೆ ಎತ್ತರ ಬೆಳೆಯದ ಐದು ವರ್ಷದೊಳಗಿನ ಮಕ್ಕಳು ಕರ್ನಾಟಕದಲ್ಲಿ ನೂರಕ್ಕೆ 35. ಯಾದಗಿರಿ ಜಿಲ್ಲೆಯೊಂದರಲ್ಲಿ ಅರ್ಧಕ್ಕೂ ಮಿಗಿಲು.

ಬಡವ-ಬಲ್ಲಿದರ ನಡುವಣ ಅಂತರವನ್ನು ಅಳೆಯುವ ಬಗೆಯೇ ಬೇರೆ. ಈ ಸಮೀಕ್ಷೆಯವರು ವರಮಾನವನ್ನು ವಿಚಾರಿಸುವುದಿಲ್ಲ (ವಿಚಾರಿಸಿದರೆ ನಿಜ ನುಡಿಯುವವರು ಎಷ್ಟು ಮಂದಿ!). ಮನೆಯ ಗೋಡೆ, ಕುಡಿಯುವ ನೀರು, ಶೌಚಾಲಯ, ಫ್ಯಾನು, ಸ್ಕೂಟರು ಮುಂತಾದವುಗಳಿಗೆ ಅಂಕವಿತ್ತು, ಜನರನ್ನು ಕಡುಬಡವರಿಂದ ಸಿರಿವಂತರವರೆಗೆ ಐದು ಸಮಪಾಲುಗಳಾಗಿ ವಿಂಗಡಿಸುತ್ತಾರೆ. ಬಳಿಕ ಮೊದಲ ಪಾಲನ್ನು ಕೊನೆಯ ಪಾಲಿನೊಡನೆ ಹೋಲಿಸುತ್ತಾರೆ.

ಇಲ್ಲಿಯೂ ಎಚ್ಚರ ಅಗತ್ಯ. ಉದಾಹರಣೆಗಾಗಿ, ಬಡವರಲ್ಲಿ ಶಿಶುಮರಣ 60ರಿಂದ 40ಕ್ಕೂ ಸಿರಿವಂತರಲ್ಲಿ 20ರಿಂದ 10ಕ್ಕೂ ಇಳಿಯಿತೆಂದು ಭಾವಿಸೋಣ. ವ್ಯತ್ಯಾಸ 40ರಿಂದ 30ಕ್ಕೆ ತಗ್ಗಿತು, ಅಸಮಾನತೆ ಕುಗ್ಗಿತೆನ್ನಬಹುದು. ಆದರೆ ಹಿಂದೆ ಮೂರು ಪಟ್ಟಿದ್ದ ಅಪಾಯ ಈಗ ನಾಲ್ಕು ಪಟ್ಟಾಯಿತು, ಹಿಗ್ಗಿತೆಂದೂ ಹೇಳಬಹುದು. ಎರಡೂ ಲೆಕ್ಕಗಳು ಸರಿ. ಒಂದನ್ನೇ ಪ್ರಕಟಿಸಿ ಇನ್ನೊಂದನ್ನು ಮರೆಮಾಚುವುದು ಮಾತ್ರ ಸರಿಯಲ್ಲ.

ಅಳತೆಗೋಲುಗಳೂ ಕಾಲಕ್ರಮದಲ್ಲಿ ಸವೆಯುತ್ತವೆ. ಐದನೆಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ 99.6 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆದವು. ಆದ್ದರಿಂದ ಹೆರಿಗೆ ಎಲ್ಲಿ ಆಯಿತೆಂಬ ಪ್ರಶ್ನೆ ಇಲ್ಲಿ ಅಂತರವನ್ನು ತೋರಿಸಲಾರದು. ಹೇಗೆ ಆಯಿತೆಂದು ಕೇಳಬೇಕು. ಶಸ್ತ್ರಚಿಕಿತ್ಸೆಯ ಹೆರಿಗೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 36, ಖಾಸಗಿಯವುಗಳಲ್ಲಿ ಸುಮಾರು 64. ಇಲ್ಲಿ ಹೆಚ್ಚು ಎಂದರೆ ಮೇಲು ಎಂದರ್ಥವಲ್ಲ; ಹಣವಂತರ ಮನೆಯ ಹೆಣ್ಣುಮಕ್ಕಳೂ ಇದನ್ನು ಯೋಚಿಸತಕ್ಕದ್ದು.

ಇನ್ನೊಂದು ಮಾತು. ಸಮೀಕ್ಷಕರು ಹೋಗುವುದು ಮನೆಗಳಿಗೆ. ಚೆನ್ನೈಯ ಕಾಲುದಾರಿಯಲ್ಲಿ ಮಲಗುವ ಬಸುರಿ ಆ ಐದು ಪಾಲುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅವಳ ಕೂಸು ಲೆಕ್ಕಕ್ಕೆ ಸಿಗಬೇಕಾದರೆ ಆಸ್ಪತ್ರೆಗಳ ದಾಖಲೆಯನ್ನೂ ಮಹಾನಗರಪಾಲಿಕೆಯ ಜನನ-ಮರಣ ನೋಂದಣಿಯನ್ನೂ ಜೊತೆಗಿಟ್ಟು ಓದಬೇಕಾಗುತ್ತದೆ.