ಬಹಿರಂಗ ಹರಾಜು ಮತ್ತು ಪರವಾನಗಿ: ಎಪಿಎಂಸಿ ವ್ಯವಸ್ಥೆ

ಹಿನ್ನೆಲೆ: ಹುಬ್ಬಳ್ಳಿ-ಧಾರವಾಡ ಭಾಗವು 1956ರ ರಾಜ್ಯ ಪುನರ್‌ವಿಂಗಡಣೆಯವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹೀಗಾಗಿ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ, 1939 ಇಲ್ಲಿ ಮೊದಲು ಬಂತು.

ಈಗಿನ ಕಾಯ್ದೆ: ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 1966. ಜಾರಿ: 1968ರ ಮೇ 1.

ಮುಖ್ಯಾಂಶಗಳು:
• ಮಾರುಕಟ್ಟೆ ಪ್ರಾಂಗಣದಲ್ಲಿ ವ್ಯವಹರಿಸುವ ವರ್ತಕರು, ದಲಾಲರು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯಿಂದ (ಎಪಿಎಂಸಿ) ಪರವಾನಗಿ ಪಡೆಯಬೇಕು. ನಿಯಮ ಮುರಿದರೆ ಸಮಿತಿ ಅದನ್ನು ಅಮಾನತು ಅಥವಾ ರದ್ದು ಮಾಡಬಹುದು.
• ಮಾರಾಟ ಬಹಿರಂಗ ಹರಾಜು ಇಲ್ಲವೇ ಟೆಂಡರ್ ಮೂಲಕ. ಟವೆಲ್ಲಿನಡಿ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುವ ಹಳೆಯ ಪದ್ಧತಿಗೆ ಅವಕಾಶವಿಲ್ಲ.
• ಮಾರುಕಟ್ಟೆ ಶುಲ್ಕ, ದಲಾಲಿ ಎರಡೂ ಖರೀದಿದಾರನ ಹೊಣೆ. ರೈತನ ಲೆಕ್ಕಪಟ್ಟಿಯಲ್ಲಿ ದಲಾಲಿ ಮುರಿಯುವುದು ನಿಯಮಬಾಹಿರ.

ಇ-ಟೆಂಡರ್ ಹಂತಗಳು: ಗೇಟಿನಲ್ಲಿ ನೋಂದಣಿ → ಲಾಟ್ ಸಂಖ್ಯೆ → ನಿಗದಿತ ವೇಳೆಯೊಳಗೆ ವರ್ತಕರ ಆನ್‌ಲೈನ್ ಬಿಡ್ → ಗರಿಷ್ಠ ದರ ಘೋಷಣೆ → ರೈತನ ಒಪ್ಪಿಗೆ → ತೂಕ, ಹಣ ಪಾವತಿ. ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ಕೊಡದಿರಬಹುದು.

ನೆನಪಿಡಿ:
• ಹುಬ್ಬಳ್ಳಿ ಎಪಿಎಂಸಿ ಪ್ರಾಂಗಣ: ಅಮರಗೋಳ.
• ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ: 2014.
• ರಾಷ್ಟ್ರೀಯ ಕೃಷಿ ಮಾರುಕಟ್ಟೆ (ಇ-ನಾಮ್): 2016ರ ಏಪ್ರಿಲ್ 14.


ಮಾದರಿ ಪ್ರಶ್ನೆ: ಎಪಿಎಂಸಿಯಲ್ಲಿ ಮಾರುಕಟ್ಟೆ ಶುಲ್ಕ ಭರಿಸುವವರು ಯಾರು?
ಅ) ರೈತ ಆ) ಖರೀದಿದಾರ ಇ) ಹಮಾಲ ಈ) ಪಾಲಿಕೆ
ಉತ್ತರ: ಆ